ಶಿವಮೊಗ್ಗದಲ್ಲಿ ಹೊರಗೆ ಉಣ್ಣುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಜೋಗಕ್ಕೆ ಹೊರಟ ನೆಂಟರು, ಮಗಳನ್ನು ಇಲ್ಲಿನ ಕಾಲೇಜಿಗೆ ಸೇರಿಸಿದ ತಂದೆ ತಾಯಿ, ವರ್ಗವಾಗಿ ಬಂದ ನೌಕರರು, ಮದುವೆಗೆ ಬಂದು ಒಂದು ದಿನ ಹೆಚ್ಚು ಉಳಿದವರು, ಎಲ್ಲರೂ ನನ್ನನ್ನು ಕೇಳುವುದು ಊಟದ ವಿಷಯವನ್ನೇ. ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿದ್ದೇನೆ. ಅದರಲ್ಲಿ ಮೊದಲ ಆರು ವರ್ಷ ವಿನೋಬನಗರದ ಒಂದು ಕೋಣೆಯಲ್ಲಿ ಒಲೆಯಿಲ್ಲದೆ ಕಳೆದೆ. ಮೂರು ಹೊತ್ತೂ ಹೋಟೆಲಿನ ಅನ್ನವೇ. ಆ ಋಣದಿಂದಲೇ ಈ ಉತ್ತರಗಳನ್ನು ಬರೆಯುತ್ತಿದ್ದೇನೆ. ಹೋಟೆಲುಗಳ ಹೆಸರಿನ ಪಟ್ಟಿ ಇಲ್ಲಿ ಸಿಗುವುದಿಲ್ಲ. ಭಟ್ಟರು ಕೆಲಸ ಬಿಟ್ಟು ಹೋದರೆ ಫಲಕ ಉಳಿಯುತ್ತದೆ, ರುಚಿ ಅವರ ಜೊತೆ ಹೊರಟುಹೋಗುತ್ತದೆ. ಯಾವ ಹೊತ್ತಿಗೆ, ಯಾವ ಮಳೆಗೆ ಏನನ್ನು ಕೇಳಬೇಕು ಎಂದು ತಿಳಿದಿದ್ದರೆ ಈ ಊರಿನ ಸಾಧಾರಣ ಹೋಟೆಲಿನಲ್ಲೂ ಚೆನ್ನಾಗಿ ಉಣ್ಣಬಹುದು.

## ಮೊದಲ ಸಲ ಬಂದವರು ಕೇಳುವುದು

ಬೆಳಿಗ್ಗೆ ಬಸ್ ಇಳಿದ ಕೂಡಲೇ ತಿಂಡಿ ಬೇಕು. ಯಾವ ಕಡೆ ಹೋಗಲಿ?

ನಿಲ್ದಾಣದಿಂದ ಬಿ.ಎಚ್. ರಸ್ತೆಗೆ ಬಂದರೆ ಸಾಕು. ಬಿ.ಎಚ್. ಎಂದರೆ ಬೆಂಗಳೂರು–ಹೊನ್ನಾವರ. ಘಟ್ಟ ಇಳಿಯುವವರು, ಹತ್ತುವವರು ಎಲ್ಲರೂ ಹಾದುಹೋಗುವ ದಾರಿಯಾದ್ದರಿಂದ ಇಲ್ಲಿನ ಒಲೆಗಳು ಬೇಗ ಹೊತ್ತಿಕೊಳ್ಳುತ್ತವೆ. ಮಸಾಲೆ ದೋಸೆಯ ಮಾತು ಬಂದರೆ ಊರಿನವರು ಇದೇ ರಸ್ತೆಯ ಮೀನಾಕ್ಷಿ ಭವನದ ಹೆಸರು ಹೇಳುತ್ತಾರೆ. ಸ್ವಲ್ಪ ನಡೆಯುವ ಮನಸ್ಸಿದ್ದರೆ ನೆಹರೂ ರಸ್ತೆ, ದುರ್ಗಿಗುಡಿಗಳಲ್ಲಿಯೂ ಒಳ್ಳೆಯ ತಿಂಡಿಯ ಜಾಗಗಳಿವೆ.

ಒಂದು ಮಾತು ನೆನಪಿಡಿ. ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ದೋಸೆ ಕೇಳಬೇಡಿ. ಕಾವಲಿ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಒಂದು ಕಡೆ ಸೀದು, ಇನ್ನೊಂದು ಕಡೆ ಬೆಳ್ಳಗೇ ಉಳಿದ ದೋಸೆ ಬರುತ್ತದೆ. ಆ ಹೊತ್ತಿಗೆ ಹಬೆಯಿಂದ ಆಗ ತಾನೇ ಇಳಿದ ಇಡ್ಲಿಯೇ ಸರಿ. ಇಪ್ಪತ್ತು ಮೂವತ್ತು ದೋಸೆ ಹುಯ್ದ ಮೇಲೆ ಕಾವಲಿ ತಾನೇ ಮಾತು ಕೇಳತೊಡಗುತ್ತದೆ.

ದರ್ಶಿನಿ, ಭವನ, ಖಾನಾವಳಿ, ಮೆಸ್, ಮಿಲಿಟರಿ ಹೋಟೆಲ್. ಇಷ್ಟೊಂದು ಹೆಸರು ಏಕೆ? ಎಲ್ಲವೂ ಹೋಟೆಲ್ಲೇ ಅಲ್ಲವೇ?

ಹೌದು, ಆದರೆ ಒಳಗೆ ಏನು ಸಿಗುತ್ತದೆ ಎಂಬುದನ್ನು ಆ ಹೆಸರೇ ಹೇಳಿಬಿಡುತ್ತದೆ. ಭವನ ಎಂದರೆ ಬಹುಮಟ್ಟಿಗೆ ಕರಾವಳಿಯಿಂದ ಘಟ್ಟ ಹತ್ತಿ ಬಂದವರ ಸಸ್ಯಾಹಾರಿ ಹೋಟೆಲ್. ಕುಳಿತು ತಿನ್ನುವುದು, ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ. ದರ್ಶಿನಿಯಲ್ಲಿ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆದು, ನಿಂತು ತಿಂದು ಹೊರಡುವುದು. ಖಾನಾವಳಿ ಎಂದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ. ಮೆಸ್ಸಿನಲ್ಲಿ ಆಯ್ಕೆ ಕಡಿಮೆ; ಅಂದು ಮಾಡಿದ್ದನ್ನೇ ಬಡಿಸುತ್ತಾರೆ, ಬೇಕಾದಷ್ಟು ಬಡಿಸುತ್ತಾರೆ. ಮಿಲಿಟರಿ ಹೋಟೆಲ್ ಎಂದರೆ ಮಾಂಸದೂಟ. ಅಲ್ಲಿ ಹೋಗಿ ಮಸಾಲೆ ದೋಸೆ ಕೇಳುವುದು, ಭವನಕ್ಕೆ ಹೋಗಿ ಬಿರಿಯಾನಿ ಕೇಳುವಷ್ಟೇ ತಪ್ಪು.

ಮಧ್ಯಾಹ್ನ ಮೂರೂವರೆಗೆ ತಲುಪುತ್ತೇವೆ. ಊಟ ಸಿಗುತ್ತದೆ ತಾನೇ?

ಸಿಗುತ್ತದೆ, ಆದರೆ ಉಣ್ಣಬೇಡಿ. ಇಲ್ಲಿನ ಊಟ ಹನ್ನೆರಡೂವರೆಯಿಂದ ಎರಡರವರೆಗೆ ಜೀವಂತವಾಗಿರುತ್ತದೆ. ಒಮ್ಮೆ ನನ್ನ ಸೋದರಮಾವನನ್ನು, ಅವರು ಬಯಲುಸೀಮೆಯಿಂದ ಮೊದಲ ಬಾರಿ ಬಂದಾಗ, ಮೂರೂವರೆಗೆ ಒಂದು ಹೆಸರಾದ ಹೋಟೆಲಿಗೆ ಕರೆದುಕೊಂಡು ಹೋದೆ. ಅನ್ನ ಗಂಟು ಕಟ್ಟಿತ್ತು. ಸಾರನ್ನು ಎಷ್ಟು ಸಲ ಕಾಯಿಸಿದ್ದರೋ, ಹುಳಿಯೊಂದೇ ಉಳಿದಿತ್ತು. ಮಾವ ಒಂದು ಮಾತೂ ಆಡದೆ ಮಜ್ಜಿಗೆ ಅನ್ನ ಉಂಡು ಎದ್ದರು. ಮಾರನೆಯ ದಿನ ಹನ್ನೆರಡೂಮುಕ್ಕಾಲಿಗೆ ಅದೇ ಮೇಜಿನಲ್ಲಿ ಕುಳಿತಾಗ ಎರಡನೆಯ ಸಲ ಸಾರು ಕೇಳಿ ಹಾಕಿಸಿಕೊಂಡರು.

ತಡವಾದರೆ ನಾಲ್ಕು ಗಂಟೆಯವರೆಗೆ ತಾಳಿಕೊಳ್ಳಿ. ಆಗ ಬಾಣಲೆ ಮತ್ತೆ ಒಲೆ ಏರುತ್ತದೆ. ಮೆಣಸಿನಕಾಯಿ ಬಜ್ಜಿ, ಅಂಬೊಡೆ, ಬನ್ಸ್, ಒಗ್ಗರಣೆ ಅವಲಕ್ಕಿ ಎಲ್ಲವೂ ಬಿಸಿಬಿಸಿಯಾಗಿ ಸಿಗುತ್ತವೆ. ಸಂಜೆಯಾದರೆ ಗಾಂಧಿ ಬಜಾರಿನ ಸುತ್ತಮುತ್ತ ಗಾಡಿಗಳವರು ಈರುಳ್ಳಿ, ಟೊಮೆಟೊ, ಖಾರ ಬೆರೆಸಿ ಮಂಡಕ್ಕಿ ಕಲಸಿಕೊಡುತ್ತಾರೆ. ಹಳಸಿದ ಊಟಕ್ಕಿಂತ ಇದು ಹೊಟ್ಟೆಗೂ ನಾಲಿಗೆಗೂ ಹಿತ.

ಜೋಗಕ್ಕೆ ಹೋಗಿ ಬರುವ ದಿನ ಊಟ ಎಲ್ಲಿ ಮಾಡುವುದು ಒಳ್ಳೆಯದು?

ಶಿವಮೊಗ್ಗದಿಂದ ಸಾಗರ ಸುಮಾರು 70 ಕಿಲೋಮೀಟರ್, ಅಲ್ಲಿಂದ ಜೋಗ ಇನ್ನೂ 30. ಊಟವನ್ನು ಸಾಗರಕ್ಕೆ ಇಟ್ಟುಕೊಳ್ಳಿ. ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಜೋಗದ ಬಳಿ ಜನ ಕಿಕ್ಕಿರಿದಿರುತ್ತಾರೆ. ಅಡುಗೆಯವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಸಾಗರದ ಹೋಟೆಲುಗಳು ಊರಿನವರನ್ನೇ ನಂಬಿ ನಡೆಯುವುವು. ನಾಳೆಯೂ ಅದೇ ಮುಖಗಳು ಬರಬೇಕಾದ್ದರಿಂದ ಅಡುಗೆಯಲ್ಲಿ ಜೋಪಾನ ಹೆಚ್ಚು.

ಮಗ ಇಲ್ಲಿ ಓದುತ್ತಿದ್ದಾನೆ. ದಿನವೂ ಹೊರಗೆ ಉಣ್ಣಲು ಕಡಿಮೆ ಖರ್ಚಿನ ದಾರಿ ಯಾವುದು?

ಕೈ ತೀರ ಬಿಗಿಯಾಗಿದ್ದರೆ ಇಂದಿರಾ ಕ್ಯಾಂಟೀನ್ ಇದೆ. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸ್ವಲ್ಪ ಅನುಕೂಲವಿದ್ದರೆ ತಿಂಗಳ ಲೆಕ್ಕದ ಮೆಸ್ ಹಿಡಿಯಲಿ. ಊರಿಗೆ ಹೋದ ದಿನಗಳ ಹಣ ಕಳೆಯುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು, ಅದಕ್ಕಾಗಿಯೇ ಎಷ್ಟೋ ಮನಸ್ತಾಪಗಳಾಗುತ್ತವೆ. ಸೇರುವ ಮೊದಲು ಮೂರು ದಿನ ಬಿಡಿಯಾಗಿ ಉಂಡು ನೋಡಲಿ. ಭಾನುವಾರ ರಾತ್ರಿ ಒಮ್ಮೆ ಉಣ್ಣಲೇಬೇಕು. ಕೆಲಸದವರು ರಜೆಯಲ್ಲಿರುವ ಹೊತ್ತು ಅದು, ಮೆಸ್ಸಿನ ನಿಜವಾದ ಗುಣ ಅಂದೇ ತಿಳಿಯುತ್ತದೆ.

## ತಟ್ಟೆಯಲ್ಲಿ ಇರುವುದರ ಬಗ್ಗೆ

ಬೆಂಗಳೂರಿನ ಅಕ್ಕಿ ರೊಟ್ಟಿಗೂ ಇಲ್ಲಿನದಕ್ಕೂ ಏಕೆ ಇಷ್ಟು ವ್ಯತ್ಯಾಸ? ಇದರಲ್ಲಿ ಈರುಳ್ಳಿಯೇ ಇಲ್ಲವಲ್ಲ!

ಎರಡಕ್ಕೂ ಹೆಸರೊಂದೇ, ಕೆಲಸ ಬೇರೆ. ಅಲ್ಲಿ ಹಸಿ ಹಿಟ್ಟಿಗೆ ಈರುಳ್ಳಿ, ಸಬ್ಬಸಿಗೆ, ಹಸಿಮೆಣಸು ಸೇರಿಸಿ ಬಾಣಲೆಯ ಮೇಲೆ ತಟ್ಟುತ್ತಾರೆ. ಇಲ್ಲಿ ಹಿಟ್ಟನ್ನು ಉಕ್ಕರಿಸುತ್ತಾರೆ.

ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ದಾಟಿದ ಮೇಲೆ ಒಂದು ಚಿಕ್ಕ ಹೋಟೆಲಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಇದನ್ನು ನೋಡಿದ್ದೇನೆ. ನೀರಿಗೆ ಉಪ್ಪು ಹಾಕಿ ಕುದಿ ಬರಿಸಿ, ಅಕ್ಕಿ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಬಿಟ್ಟರು. ಆಮೇಲೆ ಕೋಲಿನಿಂದ ತೊಳಸಿ ಇಳಿಸಿ, ಕೈಯನ್ನು ತಣ್ಣೀರಿಗೆ ಅದ್ದಿ ಅದ್ದಿ, ಹೊಗೆಯಾಡುವ ಹಿಟ್ಟನ್ನು ನಾದತೊಡಗಿದರು. ‘ಆರಿದರೆ ಬಿರುಕು ಬಿಡುತ್ತದೆ, ಸುಟ್ಟರೂ ಈಗಲೇ ನಾದಬೇಕು’ ಎಂದರು ಆ ತಾಯಿ. ಅವರ ಬೆರಳ ತುದಿಗಳು ಕೆಂಪಗಾಗಿದ್ದವು. ಉಂಡೆ ಮಾಡಿ, ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಹೆಂಚಿನ ಮೇಲೆ ಎರಡೂ ಬದಿ ಬಾಡಿಸಿ, ಕೊನೆಗೆ ಕೆಂಡದ ಮೇಲೆ ಇಟ್ಟರು. ಒಂದೇ ಕ್ಷಣದಲ್ಲಿ ರೊಟ್ಟಿ ಪೂರಿಯಂತೆ ಉಬ್ಬಿ ನಿಂತಿತು.

ಈ ರೊಟ್ಟಿಗೆ ತನ್ನದೇ ಖಾರವಿಲ್ಲ, ಬೇಕಾಗಿಯೂ ಇಲ್ಲ. ಪಕ್ಕದಲ್ಲಿ ಎಣ್ಣೆಗಾಯಿಯೋ, ಕಾಯಿಚಟ್ನಿಯೋ, ಕೋಳಿ ಸಾರೋ ಇರುತ್ತದೆ. ಮುರಿದಾಗ ಒಳಗಿಂದ ಹಬೆ ಬಂದರೆ ಅದು ಆಗ ತಾನೇ ಮಾಡಿದ್ದು. ಹಪ್ಪಳದಂತೆ ಪಟ್ಟನೆ ಮುರಿದರೆ ಬೆಳಗಿನದು.

ಕಡುಬನ್ನು ಯಾವುದರ ಜೊತೆ ತಿನ್ನಬೇಕು? ಸಪ್ಪೆ ಎನಿಸಿತು.

ಇಲ್ಲಿ ಕಡುಬು ಎಂದರೆ ಹೂರಣ ತುಂಬಿದ ಸಿಹಿ ಕಡುಬಲ್ಲ. ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸಿದ್ದು. ಸಪ್ಪೆಯಾಗಿಯೇ ಇರಬೇಕು. ಮಾಂಸ ತಿನ್ನುವವರು ನಾಟಿ ಕೋಳಿ ಸಾರಿನಲ್ಲಿ ಮುರಿದು ನೆನೆಸಿ ತಿನ್ನುತ್ತಾರೆ. ತಿನ್ನದವರಿಗೆ ಕಾಯಿಚಟ್ನಿ ಇದೆ; ಬಿಸಿ ಕಡುಬಿನ ನಡುವೆ ಬೆರಳಿನಿಂದ ಗುಳಿ ಮಾಡಿ ತುಪ್ಪ, ಜೋನಿ ಬೆಲ್ಲ ಹುಯ್ದುಕೊಳ್ಳುವುದೂ ಇದೆ. ಜನವರಿಯಿಂದ ಮಾರ್ಚಿಯೊಳಗೆ ಬಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆಯ ಹೊಸ ಜೋನಿ ಬೆಲ್ಲವಿರುತ್ತದೆ, ಬೇಡವೆನ್ನಬೇಡಿ.

ಕಳಲೆ, ಅಣಬೆ, ಪತ್ರೊಡೆ ಎಂದು ಕೇಳಿದರೆ ‘ಈಗ ಇಲ್ಲ’ ಎನ್ನುತ್ತಾರೆ. ಹಾಗಾದರೆ ಯಾವಾಗ ಬರಬೇಕು?

‘ಈಗ ಇಲ್ಲ’ ಎಂದ ಹೋಟೆಲನ್ನು ಗುರುತಿಟ್ಟುಕೊಳ್ಳಿ, ಅದು ನಂಬತಕ್ಕ ಜಾಗ. ಈ ಅಡುಗೆಗಳು ಮಳೆಯ ಜೊತೆ ಬಂದು ಮಳೆಯ ಜೊತೆ ಹೋಗುತ್ತವೆ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅಪ್ಪೆಮಿಡಿ. ಹೊಳೆದಂಡೆಯ ಕಾಡುಮಾವಿನ ಎಳೆ ಮಿಡಿ ಇದು. ತೊಟ್ಟು ಮುರಿದರೆ ಬರುವ ಸೊನೆಯ ಪರಿಮಳವೇ ಇದರ ಹೆಗ್ಗಳಿಕೆ. ಇದು ಈ ನೆಲದ್ದೇ ಎಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದಿರುವ ತಳಿ. ಉಪ್ಪಿನಕಾಯಿ ವರ್ಷವಿಡೀ ಸಿಗುತ್ತದೆ. ಮಿಡಿಯನ್ನು ಜಜ್ಜಿ ಮಾಡುವ ನೀರಾದ ಅಪ್ಪೆಹುಳಿ ಮಾತ್ರ ಬೇಸಿಗೆಯಲ್ಲೇ ರುಚಿ. ಏಪ್ರಿಲ್ ಕಳೆದಂತೆ ಹಲಸು: ಹಲಸಿನ ಹಣ್ಣಿನ ಕಡುಬು, ಹಪ್ಪಳ, ಬೀಜದ ಪಲ್ಯ. ಜೂನ್‌ನಲ್ಲಿ ಗುಡುಗಿನ ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಹೆಗ್ಗಾಲಣಬೆ ಏಳುತ್ತದೆ. ಕೆಲವೇ ದಿನಗಳ ಸುಗ್ಗಿ ಅದು, ಹೋಟೆಲಿನವರೆಗೆ ಬರುವುದು ಅಪರೂಪ. ಆಮೇಲೆ ಕಳಲೆ. ಬಿದಿರಿನ ಈ ಎಳೆ ಮೊಳಕೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಬೇಕು. ಹಸಿಯದರಲ್ಲಿ ಕಹಿಯ ಜೊತೆ ವಿಷದ ಅಂಶವೂ ಇರುತ್ತದೆ. ಆದ್ದರಿಂದಲೇ ‘ಇವತ್ತು ಮಾಡಿಕೊಡಿ’ ಎಂದರೆ ಆಗುವ ಅಡುಗೆಯಲ್ಲ. ಆಷಾಢ, ಶ್ರಾವಣಗಳಲ್ಲಿ ಕೆಸುವಿನ ಎಲೆಯ ಪತ್ರೊಡೆ.

ಒಂದೇ ಸಲ ಬರಲು ಸಾಧ್ಯ ಎನ್ನುವವರಿಗೆ ನಾನು ಜುಲೈ ಕೊನೆಯ ವಾರವನ್ನು ಹೇಳುತ್ತೇನೆ. ಒದ್ದೆಯಾಗುತ್ತೀರಿ, ಆದರೆ ತಟ್ಟೆ ತುಂಬಿರುತ್ತದೆ.

ಪತ್ರೊಡೆ ತಿಂದು ಗಂಟಲು ತುರಿಸಿತು. ನನಗೆ ಆಗಿಬರುವುದಿಲ್ಲವೇ?

ಬಹುಶಃ ಅಡುಗೆಯ ತಪ್ಪು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ಅವು ಚುಚ್ಚಿಯೇ ತುರಿಕೆ. ಹುಣಸೆಹಣ್ಣನ್ನೋ ವಾಟೆಹುಳಿಯನ್ನೋ ಧಾರಾಳವಾಗಿ ಹಾಕಿ, ಚೆನ್ನಾಗಿ ಬೇಯಿಸಿದರೆ ತೊಂದರೆಯಿಲ್ಲ. ನನಗೂ ಒಮ್ಮೆ ಹೀಗಾಗಿ ಅರ್ಧ ದಿನ ಮಾತಾಡಲು ಕಷ್ಟವಾಗಿತ್ತು. ಅಂದಿನಿಂದ ಮೊದಲು ಒಂದು ಚೂರು ತಿಂದು ಎರಡು ನಿಮಿಷ ಕಾಯುತ್ತೇನೆ. ತುಟಿ ಊದಿದರೆ, ಉಸಿರಾಟಕ್ಕೆ ತೊಂದರೆಯಾದರೆ ಅದು ಬೇರೆ ಮಾತು. ತಡಮಾಡದೆ ವೈದ್ಯರ ಬಳಿಗೆ ಹೋಗಿ.

ಸಮುದ್ರವಿಲ್ಲದ ಊರಿನಲ್ಲಿ ಮೀನೂಟ ತಿನ್ನಬಹುದೇ?

ತಿನ್ನಬಹುದು. ಕರಾವಳಿ ಘಟ್ಟದ ಕೆಳಗೇ ಇದೆ, ಬಂಗುಡೆಯೂ ಬೂತಾಯಿಯೂ ಮಂಜುಗಡ್ಡೆಯಲ್ಲಿ ಹತ್ತಿ ಬರುತ್ತವೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ದೊಡ್ಡ ಸಮುದ್ರಮೀನು ಬಹಳ ಮಟ್ಟಿಗೆ ಶೈತ್ಯಾಗಾರದ್ದೇ. ಆಗ ಹೊಳೆ, ಕೆರೆಯ ಮೀನು ಇದೆಯೇ ಎಂದು ಕೇಳಿ, ಇಲ್ಲವಾದರೆ ಕೋಳಿಗೆ ಹೋಗಿ.

ಮಲೆನಾಡು ಎಂದು ಬಂದರೆ ಜೋಳದ ರೊಟ್ಟಿ, ಬಿರಿಯಾನಿ, ತಮಿಳರ ಮೆಸ್, ಗೋಬಿ ಎಲ್ಲವೂ ಇದೆ. ಇದು ಮಲೆನಾಡಿನ ಊರು ಹೌದೇ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಊರಿನ ನಾಲ್ಕು ದಾರಿಗಳನ್ನು ತೋರಿಸುತ್ತೇನೆ. ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರ: ಅಡಿಕೆ ತೋಟ, ಗದ್ದೆ, ಅಕ್ಕಿಯೇ ಎಲ್ಲ. ಉತ್ತರಕ್ಕೆ ಶಿಕಾರಿಪುರ ದಾಟುತ್ತಿದ್ದಂತೆ ಮಳೆ ಕಡಿಮೆಯಾಗಿ, ಹೊಲ ಅಗಲವಾಗಿ, ಜೋಳ, ಮೆಕ್ಕೆಜೋಳ ಕಾಣಿಸುತ್ತವೆ. ಖಾನಾವಳಿಯ ರೊಟ್ಟಿ ಅಲ್ಲಿಂದ ಬಂದದ್ದು, ದೂರದ ಅತಿಥಿಯಲ್ಲ. ಈಶಾನ್ಯಕ್ಕೆ ಹೊನ್ನಾಳಿ ದಾಟಿದರೆ ದಾವಣಗೆರೆ. ಬೆಣ್ಣೆ ದೋಸೆಗೂ ಖಾರದ ಮಂಡಕ್ಕಿಗೂ ಅದೇ ತವರು. ಆಗ್ನೇಯಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಭದ್ರಾವತಿ. ಅಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ತಮಿಳು, ತೆಲುಗು, ಮಲಯಾಳ ಮಾತಾಡುವ ಕುಟುಂಬಗಳು ದುಡಿಯಲು ಬಂದು ಇಲ್ಲಿಯವರೇ ಆದರು. ಅವರ ಸಾರು, ಪೊರೋಟ, ಮೀನಿನ ಹುಳಿ ನಮ್ಮ ಬೀದಿಗೂ ಬಂದವು. ಮುಸ್ಲಿಂ ಕುಟುಂಬಗಳ ಬಿರಿಯಾನಿ ಈ ಊರಿಗೆ ಹೊಸದೇನೂ ಅಲ್ಲ. ರಂಜಾನ್ ತಿಂಗಳ ಸಂಜೆ ಗಾಂಧಿ ಬಜಾರಿನ ಸುತ್ತ ನಡೆದು ನೋಡಿ.

ಮಲೆನಾಡಿಗೂ ಬಯಲಿಗೂ ನಡುವಿನ ಹೊಸ್ತಿಲು ಶಿವಮೊಗ್ಗ. ಹೊಸ್ತಿಲಲ್ಲಿ ನಿಂತವರಿಗೆ ಎರಡೂ ಕಡೆಯ ಅಡುಗೆಯ ಘಮ ಬರುತ್ತದೆ. ಬೆಳಿಗ್ಗೆ ಕಡುಬು ತಿಂದು, ಮಧ್ಯಾಹ್ನ ಜೋಳದ ರೊಟ್ಟಿ ಉಂಡು, ರಾತ್ರಿ ಬಿರಿಯಾನಿಗೆ ಹೋಗುವುದು ನನಗೆ ಬೆರಕೆ ಎನಿಸಿಲ್ಲ. ಇದೇ ಈ ಊರಿನ ಅಡುಗೆ.

ಗೋಬಿ ಮಂಚೂರಿ ಮೊದಲಿನಂತೆ ಕೆಂಪಗಿಲ್ಲ. ರುಚಿ ಕೆಟ್ಟಿದೆಯೇ?

ಕೆಂಪಗಿಲ್ಲದಿರುವುದು ಒಳ್ಳೆಯ ಸುದ್ದಿ. ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನೂ, ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್–ಬಿ ಬಣ್ಣ ಸಿಕ್ಕಿತ್ತು. ಆ ಕೆಂಪಿಗೆ ರುಚಿಯೇ ಇರಲಿಲ್ಲ. ಈಗಲೂ ಬೆರಳಿಗೆ ಅಂಟಿ ತೊಳೆದರೂ ಹೋಗದ ಬಣ್ಣ ಕಂಡರೆ ತಟ್ಟೆ ಬದಿಗಿಡಿ, ಮಕ್ಕಳಿಗಂತೂ ಕೊಡಬೇಡಿ.

## ಬಿಲ್ಲು ಬಂದ ಮೇಲೆ

ಬಿಲ್ಲಿನಲ್ಲಿ ಜಿಎಸ್‌ಟಿ ಜೊತೆ ಸೇವಾ ಶುಲ್ಕವೂ ಇತ್ತು. ಎರಡನ್ನೂ ಕೊಡಲೇಬೇಕೇ?

ಜಿಎಸ್‌ಟಿ ಸರ್ಕಾರದ ತೆರಿಗೆ. ಸಾಮಾನ್ಯ ಹೋಟೆಲುಗಳಲ್ಲಿ ಶೇ 5, ಅಂದರೆ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. 2017ರ ನವೆಂಬರ್‌ನಿಂದ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತರೂ ಅಷ್ಟೇ. ಒಟ್ಟು ವಹಿವಾಟಿನ ಮೇಲೆ ತಾನೇ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ಹೋಟೆಲು ಗಿರಾಕಿಯಿಂದ ಬೇರೆಯಾಗಿ ತೆರಿಗೆ ವಸೂಲು ಮಾಡುವಂತಿಲ್ಲ.

ಸೇವಾ ಶುಲ್ಕ ತೆರಿಗೆಯಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ‘ಇದನ್ನು ತೆಗೆದು ಕೊಡಿ’ ಎಂದು ಮೆಲುದನಿಯಲ್ಲಿ ಕೇಳಿದರೆ ಬಹುತೇಕ ತೆಗೆದೇ ಕೊಡುತ್ತಾರೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಹಾಗಾದರೆ ಬಡಿಸಿದವರಿಗೆ ಏನೂ ಕೊಡಬೇಕಿಲ್ಲವೇ?

ಕಡ್ಡಾಯವಿಲ್ಲ, ಕೊಟ್ಟರೆ ಸಂತೋಷ. ಕೊಡುವುದಾದರೆ ಬಿಲ್ಲಿನ ತಟ್ಟೆಯಲ್ಲಿ ಬಿಡುವ ಬದಲು ಕೈಗೇ ಕೊಡಿ. ಕರೆಯುವಾಗ ‘ಏಯ್’ ಎನ್ನಬೇಡಿ, ಚಿಟಿಕೆ ಹೊಡೆಯಬೇಡಿ; ‘ಅಣ್ಣ’, ‘ಅಕ್ಕ’ ಎಂದರೆ ಸಾಕು. ನನ್ನ ಒಲೆಯಿಲ್ಲದ ದಿನಗಳಲ್ಲಿ ಜ್ವರ ಬಂದು ಮೂರು ದಿನ ಕಾಣಿಸದಿದ್ದಾಗ, ನಾಲ್ಕನೆಯ ದಿನ ಗಂಜಿ ಮಾಡಿಸಿ ಸ್ಟೀಲ್ ಡಬ್ಬಿಯಲ್ಲಿ ಕೋಣೆಗೆ ತಂದುಕೊಟ್ಟವರು ಬಡಿಸುತ್ತಿದ್ದ ಒಬ್ಬ ಅಣ್ಣ. ದುಡ್ಡು ಕೊಡಹೋದರೆ ಡಬ್ಬಿ ಮಾತ್ರ ವಾಪಸು ತೆಗೆದುಕೊಂಡರು.

ಅತ್ತೆ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಒಂದೇ ಅಡುಗೆಮನೆಯಲ್ಲಿ ಮಾಂಸ ಬೇಯಿಸುವ ಕಡೆಗೂ ಅವರು ಬರುವುದಿಲ್ಲ. ಏನು ಮಾಡಲಿ?

ಶುದ್ಧ ಸಸ್ಯಾಹಾರಿ ಎಂದು ಫಲಕ ಹಾಕಿದ ಹಳೆಯ ಭವನಗಳಿಗೇ ಹೋಗಿ. ಅಲ್ಲಿಯೂ ಸಾಗು, ಆಲೂಗಡ್ಡೆ ಪಲ್ಯದಲ್ಲಿ ಈರುಳ್ಳಿ ಇರುತ್ತದೆ. ಇಡ್ಲಿ, ಕಾಯಿಚಟ್ನಿ, ಖಾಲಿ ದೋಸೆ, ಮೊಸರನ್ನ ಸಾಮಾನ್ಯವಾಗಿ ಸುರಕ್ಷಿತ, ಆದರೂ ಒಮ್ಮೆ ಕೇಳಿ. ಮೆಟ್ಟಿಲು ಹತ್ತಲಾಗದವರಾದರೆ ನೆಲಮಹಡಿಯಲ್ಲಿ ಕೂರಿಸಲು ಹೇಳಿ.

ಊಟದಲ್ಲಿ ಹುಳ ಸಿಕ್ಕಿತು. ಗಲಾಟೆ ಮಾಡದೆ ಏನು ಮಾಡಬಹುದು?

ತಟ್ಟೆಯ ಚಿತ್ರ ತೆಗೆದುಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ, ಮಾಲೀಕರನ್ನು ಕರೆದು ತೋರಿಸಿ. ಒಳ್ಳೆಯ ಮಾಲೀಕರು ಅಲ್ಲೇ ಆ ಪಾತ್ರೆಯ ಅಡುಗೆಯನ್ನು ನಿಲ್ಲಿಸುತ್ತಾರೆ. ಉಡಾಫೆಯ ಉತ್ತರ ಬಂದರೆ, ಗೋಡೆಯ ಮೇಲೋ ಬಿಲ್ಲಿನಲ್ಲೋ ಇರುವ 14 ಅಂಕಿಗಳ ಆಹಾರ ಸುರಕ್ಷತಾ ಸಂಖ್ಯೆಯನ್ನು ಬರೆದುಕೊಂಡು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

## ಮಲೆನಾಡಿನ ಅಡುಗೆಯನ್ನೇ ಹುಡುಕಿ ಬರುವವರಿಗೆ

‘ಮಲೆನಾಡು ಶೈಲಿ’ ಎಂಬ ಫಲಕ ಎಲ್ಲ ಕಡೆ ಇದೆ. ನಿಜವಾದದ್ದು ಯಾವುದೆಂದು ಹೇಗೆ ತಿಳಿಯುವುದು?

ನಾನು ನೋಡುವುದು ಮೂರು ಸಂಗತಿಗಳನ್ನು. ಮೊದಲನೆಯದು ಹುಳಿ. ಮಲೆನಾಡಿನ ಅಡುಗೆಯಲ್ಲಿ ವಾಟೆಹುಳಿ, ಮುರುಗಲು, ಅಪ್ಪೆಮಿಡಿ, ಹುಳಿಮಜ್ಜಿಗೆ ಇವುಗಳಲ್ಲಿ ಒಂದಾದರೂ ಮಾತಾಡುತ್ತದೆ. ಎಲ್ಲಕ್ಕೂ ಟೊಮೆಟೊ ಹುಳಿಯೇ ಆದರೆ ಫಲಕ ಮಾತ್ರ ಮಲೆನಾಡಿನದು. ಎರಡನೆಯದು, ಪಟ್ಟಿಯ ಉದ್ದ. ಇನ್ನೂರು ಬಗೆ ಬರೆದ ಕಡೆ ಕಡುಬು ಬಿಸಿಯಾಗಿರುವುದು ಕಷ್ಟ. ಇವತ್ತಿನ ನಾಲ್ಕು ಅಡುಗೆಯನ್ನು ಬಾಯಲ್ಲಿ ಹೇಳುವ ಕಡೆ ಧೈರ್ಯವಾಗಿ ಕುಳಿತುಕೊಳ್ಳಿ. ಮೂರನೆಯದು ಕೋಳಿ. ನಾಟಿ ಕೋಳಿ ಬೇಯಲು ಹೊತ್ತು ಬೇಕು, ಮೂಳೆ ಗಟ್ಟಿ, ಮಾಂಸ ಹಲ್ಲಿಗೆ ಕೆಲಸ ಕೊಡುತ್ತದೆ. ಹತ್ತಿಯಂತೆ ಬಿಡಿಸಿಕೊಂಡರೆ ಅದು ಫಾರಂ ಕೋಳಿ. ಅದೂ ತಪ್ಪಲ್ಲ, ನಾಟಿ ಕೋಳಿಯ ಬೆಲೆ ಕೇಳುವುದು ತಪ್ಪು.

ತಂಬುಳಿ, ಗೊಜ್ಜು, ಕೊಟ್ಟೆ ಕಡುಬು ಹೋಟೆಲುಗಳಲ್ಲಿ ಏಕೆ ಅಷ್ಟಾಗಿ ಸಿಗುವುದಿಲ್ಲ?

ಬಹಳ ದಿನ ನಾನೂ ಇದನ್ನು ಹೋಟೆಲಿನವರ ಸೋಮಾರಿತನ ಎಂದುಕೊಂಡಿದ್ದೆ. ತಪ್ಪು ತಿಳಿದಿದ್ದೆ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕಾಯಿತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದ ತಂಬುಳಿಯನ್ನು ಕುದಿಸುವಂತಿಲ್ಲ. ಒಂದೆರಡು ಗಂಟೆ ಕಳೆದರೆ ಬಣ್ಣ ಮಾಸಿ ಹುಳಿ ಏರುತ್ತದೆ. ಸಾಂಬಾರನ್ನು ಒಲೆಯ ಮೇಲೆ ಇಟ್ಟುಕೊಂಡು ಮೂರು ಗಂಟೆಯವರೆಗೆ ಬಡಿಸಬಹುದು. ತಂಬುಳಿಯನ್ನು ಪಂಕ್ತಿಗೊಮ್ಮೆ ರುಬ್ಬಬೇಕು. ಕೊಟ್ಟೆ ಕಡುಬಿಗೆ ಹಲಸಿನ ಎಲೆ ಕೊಯ್ದು, ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಲು ಕೂರುವವರು ಬೇಕು. ಮನೆಯಲ್ಲಿ ಅದನ್ನು ಅಜ್ಜಿ ಮಾತಾಡುತ್ತಲೇ ಮಾಡಿಬಿಡುತ್ತಿದ್ದರು, ಆ ದುಡಿಮೆಗೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ. ಹೋಟೆಲಿನಲ್ಲಿ ಅದೇ ಕೆಲಸಕ್ಕೆ ಕೂಲಿ ಕೊಡಲೇಬೇಕು, ಕೊಡುವುದು ನ್ಯಾಯವೂ ಹೌದು. ಆದ್ದರಿಂದ ಎಲ್ಲಾದರೂ ತಂಬುಳಿ ಸಿಕ್ಕಿ, ಊಟಕ್ಕೆ ಮೂವತ್ತು ರೂಪಾಯಿ ಹೆಚ್ಚಾದರೆ ದಯವಿಟ್ಟು ಚೌಕಾಸಿ ಮಾಡಬೇಡಿ.

ತೀರ್ಥಹಳ್ಳಿ, ಹೊಸನಗರ, ಸಾಗರಗಳ ಸುತ್ತಲಿನ ಹೋಂಸ್ಟೇಗಳಲ್ಲಿ ಹಿಂದಿನ ದಿನವೇ ಫೋನ್ ಮಾಡಿ ಇಷ್ಟು ಜನ ಎಂದು ತಿಳಿಸಿದರೆ ಇವೆಲ್ಲ ಎಲೆಗೆ ಬರುತ್ತವೆ. ಹೇಳಿದ ಮೇಲೆ ಹೋಗದೆ ಇರಬೇಡಿ. ಅಷ್ಟು ಹೊತ್ತಿಗೆ ಎಲೆ ಕೊಯ್ದು ಆಗಿರುತ್ತದೆ.

ಹೋಟೆಲಿಗೆ ಬಾರದೇ ಉಳಿದ ಅಡುಗೆ ಯಾವುದಾದರೂ ಇದೆಯೇ?

ಎರಡನ್ನು ಹೇಳುತ್ತೇನೆ. ಒಂದು ಹತ್ತುಮೀನು. ಮೊದಲ ಮಳೆಗೆ ಹಳ್ಳದ ನೀರು ಗದ್ದೆಗೆ ನುಗ್ಗುವಾಗ ಮೊಟ್ಟೆಯಿಡಲು ಪ್ರವಾಹದ ಎದುರು ಹತ್ತಿ ಬರುವ ಮೀನು ಅದು. ಅದರ ರುಚಿಯನ್ನು ಹೊಗಳುವವರು ಬಹಳ ಮಂದಿ. ಮೊಟ್ಟೆ ತುಂಬಿದ ಮೀನನ್ನು ಹಿಡಿದು ಹಿಡಿದು ಹಳ್ಳಗಳು ಬರಿದಾಗುವುದನ್ನು ನೋಡಿದ್ದೇನೆ. ಅದು ಹೋಟೆಲಿಗೆ ಬಾರದಿರಲಿ ಎಂದೇ ನನ್ನ ಆಸೆ, ನೀವೂ ಕೇಳಬೇಡಿ.

ಇನ್ನೊಂದು ಬಿಸಿ ತೊಡೆದೇವು. ಸಾಗರದ ಅಂಗಡಿಗಳಲ್ಲಿ ಕಟ್ಟಿಟ್ಟ ತೊಡೆದೇವು ಸಿಗುತ್ತದೆ, ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಆಲೆಮನೆಯ ದಿನಗಳಲ್ಲಿ ಯಾರ ಮನೆಗಾದರೂ ಕರೆ ಬಂದರೆ ಬಿಡಬೇಡಿ. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಅದರ ಬೆನ್ನಿಗೆ ತೆಳ್ಳಗೆ ಸವರುತ್ತಾರೆ. ಕಾಗದದಂಥ ಹಾಳೆ ಅಂಚಿನಿಂದ ತಾನೇ ಮೇಲೇಳುತ್ತದೆ. ಮೆತ್ತಗಿರುವಾಗಲೇ ಮಡಿಚಿ ಕೈಗೆ ಕೊಡುತ್ತಾರೆ. ಎರಡು ಚಮಚ ತುಪ್ಪ ಹಾಕಿಸಿಕೊಂಡು, ಅದು ಗರಿಯಾಗುವುದರೊಳಗೆ ಮೊದಲನೆಯದನ್ನು ತಿನ್ನಿ. ಎರಡನೆಯದನ್ನು ಗರಿಯಾಗಲು ಬಿಡಿ.